ತಂಗಿಯ ಸೀರೆಯೂ ಊರಿನ ರೇಡಿಯೋವೂ

ಮೊನ್ನೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೂತು ಎಫ್ಎಂ ಕೇಳ್ತಿದ್ದೆ. ಎರಡು ಹಾಡಿನ ಮಧ್ಯೆ ನಿರೂಪಕಿ ತನ್ನ ತಂಗಿಯ ಮದುವೆ ಸೀರೆಯ ಕಥೆ ಶುರು ಮಾಡಿದಳು. ಚೆನ್ನಾಗಿ ಹೇಳ್ತಿದ್ದಳು, ನಾನೂ ಕಿವಿಗೊಟ್ಟೆ. ಕಥೆ ಹೋಗಿ ನಿಂತಿದ್ದು ಒಂದು ಅಂಗಡಿಯ ಬಾಗಿಲಲ್ಲಿ, ವಿಳಾಸ ಸಮೇತ! ಓಹೋ, ಇದು ಜಾಹೀರಾತು ಅಂತ ಹೊಳೆಯುವಷ್ಟರಲ್ಲಿ ಮುಂದಿನ ಹಾಡು ಬಂದಿತ್ತು. ತಂಗಿ ಇದ್ದಳೋ ಇಲ್ಲವೋ, ದೇವರೇ ಬಲ್ಲ.

ಜಾಹೀರಾತಿನ ಮೇಲೆ ನನಗೆ ಸಿಟ್ಟಿಲ್ಲ. ವಿವಿಧ ಭಾರತಿ 1967ರಲ್ಲೇ ಜಾಹೀರಾತು ಶುರು ಮಾಡಿತ್ತು. ಜಿಂಗಲ್ ಕೇಳಿದ ಕೂಡಲೇ ಇದು ಮಾರೋಕೆ ಬಂದವರ ಮಾತು ಅಂತ ಅಜ್ಜಿಗೂ ಗೊತ್ತಾಗ್ತಿತ್ತು. ಸಂತೆಯಲ್ಲಿ ಕೂಗಿ ಮಾರಿದ ಹಾಗೆ... ಕೂಗೋದರಲ್ಲಿ ಮೋಸ ಇಲ್ಲ.

ನನಗೆ ಚಿಂತೆ ಇರೋದು ಸಣ್ಣ ಊರುಗಳ ಸಮುದಾಯ ಬಾನುಲಿಯದ್ದು. ಅದರ ದನಿ ಮುಟ್ಟೋದು ಹೆಚ್ಚೂಕಡಿಮೆ 10 ಕಿ.ಮೀ. ಸೈಕಲ್ ರಿಪೇರಿಯವನಿಗೆ, ಗೊಬ್ಬರದಂಗಡಿಗೆ ಬೇಕಾದ ಗಿರಾಕಿ ಇರೋದೂ ಅಷ್ಟರೊಳಗೇ. 2024ರಲ್ಲಿ ಕೇಂದ್ರ ಸರ್ಕಾರ ಇವುಗಳ ಜಾಹೀರಾತಿನ ಮಿತಿಯನ್ನು ಗಂಟೆಗೆ 7 ನಿಮಿಷದಿಂದ 12ಕ್ಕೆ ಏರಿಸಿತು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52ರಿಂದ 74 ರೂಪಾಯಿ ಆಯ್ತು. ಇಷ್ಟರಲ್ಲಿ ಕರೆಂಟು, ಸಂಬಳ ಎಲ್ಲ ತೂಗಿಸೋದು ಕಷ್ಟ. ಊರಿನ ಅಂಗಡಿಯವರ ಕಾಸು ಬೇಕೇ ಬೇಕು. ತಗೊಳ್ಳಲಿ, ತಪ್ಪೇನಿಲ್ಲ.

ಆದ್ರೆ ಅಲ್ಲಿಗೂ ಈ 'ತಂಗಿಯ ಸೀರೆ' ಬಂದ್ರೆ? ಬೆಂಗಳೂರಿನ ನಿರೂಪಕಿ ಯಾರೋ ಏನೋ. ಊರಿನ ರೇಡಿಯೋದಲ್ಲಿ ಮಾತಾಡೋಳು ಪಕ್ಕದ ಬೀದಿಯ ಹುಡುಗಿ. ಅವಳು ಮಾತಿನ ಮಧ್ಯೆ ಯಾವುದೋ ಬಿತ್ತನೆ ಬೀಜವನ್ನು ಹೊಗಳಿದರೆ ರೈತ ಸಾಲ ಮಾಡಿಯಾದರೂ ತರ್ತಾನೆ. ಅದು ಮೊಳಕೆ ಬರಲಿಲ್ಲ ಅಂದ್ರೆ ಕೆಡೋದು ಅಂಗಡಿಯವನ ಹೆಸರು ಮಾತ್ರ ಅಲ್ಲ. ನಾಳೆ ಅದೇ ಹುಡುಗಿ ಮಕ್ಕಳಿಗೆ ಲಸಿಕೆ ಹಾಕಿಸಿ, ನೀರು ಕುದಿಸಿ ಕುಡೀರಿ ಅಂದ್ರೆ ಯಾರು ನಂಬ್ತಾರೆ?

ಪರಿಹಾರ ದುಬಾರಿಯೇನಲ್ಲ. 'ಈಗ ಪ್ರಾಯೋಜಕರ ಮಾತು' ಅನ್ನೋ ಒಂದು ಸಾಲು ಸಾಕು. ಇನ್ನೂ ಒಳ್ಳೇದು ಅಂದ್ರೆ ಅಂಗಡಿಯವನೇ ಬಂದು, ತನ್ನ ಒಡಕು ದನಿಯಲ್ಲೇ, ತನ್ನ ಸಾಮಾನಿನ ಬಗ್ಗೆ ಹೇಳಲಿ. ಬೀಜದಂಗಡಿಯವನು ಕೃಷಿ ಕಾರ್ಯಕ್ರಮಕ್ಕೆ ದುಡ್ಡು ಕೊಡಲಿ, ಶುರುವಿನಲ್ಲಿ, ಕೊನೆಯಲ್ಲಿ ಅವನ ಹೆಸರು ಹೇಳಲಿ. ಯಾವ ಬೀಜ ಒಳ್ಳೇದು ಅನ್ನೋದನ್ನು ಮಾತ್ರ ಅವನು ಬರೆದುಕೊಡಬಾರದು.

ರೇಡಿಯೋದವರು ಸಮಯ ಮಾರಲಿ, ದನಿ ಮಾರೋದು ಬೇಡ. ನಿಮ್ಮೂರಿನ ರೇಡಿಯೋದಲ್ಲಿ ಹೇಗೆ? ಹೇಳ್ತೀರಲ್ಲ?