ಪರ್ಸಿ ಕಲ್ಲಿನ ಮನೆಗೆ ಎಷ್ಟು ವ್ಯಾಟಿನ ಸ್ಪೀಕರ್ ಬೇಕು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಮನೆಗಳಲ್ಲಿ ನೆಲಕ್ಕೆ ಹಾಸಿರುವುದು ಹೆಚ್ಚಾಗಿ ಪರ್ಸಿ ಕಲ್ಲು. ಹೊರಗಿನವರು ಶಹಾಬಾದ್ ಕಲ್ಲು ಎನ್ನುವ ಈ ಸುಣ್ಣದಕಲ್ಲು ಹಳೆಯ ಮನೆಗಳಲ್ಲಿ ಗೋಡೆಗೂ ಬಳಕೆಯಾಗಿದೆ. ಇಂಥ ಮನೆಗೆ ಬ್ಲೂಟೂತ್ ಸ್ಪೀಕರ್ ತಂದವರು ಹೇಳುವ ಮಾತೊಂದಿದೆ: 'ಅಂಗಡ್ಯಾಗ ಚಲೋ ಕೇಳಿತ್ತು, ಮನ್ಯಾಗ ಹಾಡಿನ ಮಾತೇ ತಿಳಿವಲ್ದು.' ಇದಕ್ಕೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ, ಇನ್ನೂ ಹೆಚ್ಚು ವ್ಯಾಟಿನದು ತೆಗೆದುಕೊಳ್ಳಿ ಎಂದು. ಈ ಸಲಹೆ ಸರಿಯೇ?

ಮೊದಲು ವ್ಯಾಟಿನ ಲೆಕ್ಕ ನೋಡೋಣ. ವ್ಯಾಟ್ ಎರಡು ಪಟ್ಟಾದರೆ ಶಬ್ದ ಎರಡು ಪಟ್ಟಾಗುವುದಿಲ್ಲ. 20 ವ್ಯಾಟ್ 40 ಆದಾಗ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು 'ಸ್ವಲ್ಪ ಜಾಸ್ತಿಯಾಯಿತು' ಅನ್ನಿಸುತ್ತದೆ, ಅಷ್ಟೇ. ಎರಡು ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಪೆಟ್ಟಿಗೆಯ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ಬರೆದಿದ್ದರೆ ಅದನ್ನು ಮರೆತುಬಿಡಿ. ಅದನ್ನು ಅಳೆಯಲು ಒಪ್ಪಿತವಾದ ಕ್ರಮವೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್. ಬ್ಯಾಟರಿ ಇಲ್ಲದ ಸ್ಪೀಕರಾದರೆ ಅದರ ಅಡಾಪ್ಟರ್ ತಿರುಗಿಸಿ ನೋಡಿ. 12 ವೋಲ್ಟ್, 1.5 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದೇ 18 ವ್ಯಾಟ್. ಹೊರಗೆ ಸತತವಾಗಿ 100 ವ್ಯಾಟ್ ಎಲ್ಲಿಂದ ಬರಬೇಕು?

ಹಾಗಾದರೆ ಮಾತು ಕಲಸಿಹೋಗುವುದೇಕೆ? ಕಾರಣ ಕಲ್ಲು. ನಯವಾದ ಕಲ್ಲು ತನಗೆ ತಾಗಿದ ಶಬ್ದದಲ್ಲಿ ಹೀರಿಕೊಳ್ಳುವುದು ಶೇಕಡಾ 1-2ರಷ್ಟು ಮಾತ್ರ, ಉಳಿದದ್ದನ್ನು ವಾಪಸ್ ಕಳಿಸುತ್ತದೆ. ಒಂದು ಪದ ಇನ್ನೂ ಕೋಣೆಯಲ್ಲಿ ಸುತ್ತುತ್ತಿರುವಾಗಲೇ ಮುಂದಿನ ಪದ ಅದರ ಮೇಲೆ ಬಂದು ಬೀಳುತ್ತದೆ. ವಾಲ್ಯೂಮ್ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ಸಮಸ್ಯೆ ಎದುರಾಗಿತ್ತು. ಹೊಸ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗುಂಯ್‌ಗುಡುತ್ತಿತ್ತು. ವಾಲೇಸ್ ಸಬೈನ್ ಎಂಬ ಯುವ ಭೌತವಿಜ್ಞಾನಿ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ತಂದು ಹರಡಿ, ಪ್ರತಿಧ್ವನಿ ಎಷ್ಟು ಬೇಗ ಅಡಗುತ್ತದೆ ಎಂದು ಅಳೆದರು. ಅವರ ಸೂತ್ರವನ್ನು ನಮ್ಮ ಪಡಸಾಲೆಗೂ ಹಾಕಬಹುದು. 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರದ ಕೋಣೆ, ಎಲ್ಲ ಮೈಗಳೂ ಸರಾಸರಿ ಶೇ. 3ರಷ್ಟು ಶಬ್ದ ಹೀರುತ್ತವೆ ಎಂದುಕೊಳ್ಳಿ. ಖಾಲಿ ಇದ್ದಾಗ ಶಬ್ದ ಅಡಗಲು ಮೂರು ಸೆಕೆಂಡಿಗೂ ಮಿಕ್ಕಿ ಬೇಕು. ಹಾಸಿಗೆ, ದಪ್ಪ ಪರದೆ, ಕೌದಿ, ಜಮಖಾನ, ಕುಳಿತ ಜನ ಎಲ್ಲ ಸೇರಿ 8 ಚದರ ಮೀಟರಿನಷ್ಟು ಹೀರುವಿಕೆ ಸೇರಿಸಿದರೆ ಅದು 0.8 ಸೆಕೆಂಡಿಗೆ ಇಳಿಯುತ್ತದೆ. ರಟ್ಟಿನ ಪೆಟ್ಟಿಗೆ, ಜನ, ಸಾಮಾನು ತುಂಬಿದ, ಮುಂದೆ ತೆರೆದ ಅಂಗಡಿಯಲ್ಲಿ ಅದೇ ಸ್ಪೀಕರ್ ಚಲೋ ಕೇಳಿದ್ದಕ್ಕೆ ಕಾರಣವೂ ಇದೇ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಕೊನೆಯಲ್ಲಿ ಝಣ್ ಎಂದು ಎಳೆದರೆ ಸ್ಪೀಕರಿಗೆ ಮೊದಲು ಕೌದಿಗೆ ಜಾಗ ಹುಡುಕಿ. ಗೋಡೆಗೆ ತೂಗುಹಾಕಿದರೆ ನೆಲಕ್ಕೆ ಹಾಸಿದ್ದಕ್ಕಿಂತ ಚಂದ ಕಾಣದಿರಬಹುದು, ಆದರೆ ಕೆಲಸ ಮಾಡುತ್ತದೆ.

ಇನ್ನೊಂದು ಪುಕ್ಕಟೆ ಉಪಾಯವಿದೆ. ಸ್ಪೀಕರಿನಿಂದ ನೇರವಾಗಿ ಬರುವ ಶಬ್ದ ದೂರ ಅರ್ಧವಾದಾಗ 6 ಡೆಸಿಬಲ್ ಏರುತ್ತದೆ, ಪ್ರತಿಧ್ವನಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ನಾಲ್ಕು ಮೀಟರ್ ದೂರದ ಕುರ್ಚಿಯನ್ನು ಎರಡು ಮೀಟರಿಗೆ ಎಳೆದರೆ ನೇರ ಶಬ್ದದ ಮಟ್ಟಿಗೆ ನಾಲ್ಕು ಪಟ್ಟು ವ್ಯಾಟ್ ಕೊಂಡ ಹಾಗೆ. ಸ್ಪೀಕರನ್ನು ಗೋಡೆಯ ಗೂಡಿನಲ್ಲೋ ಮೂಲೆಯಲ್ಲೋ ಇಟ್ಟರೆ ಡಗ್ಗಾದ ಪೆಟ್ಟು ಊದಿಕೊಂಡು ಹಾಡುವವರ ದನಿಯನ್ನು ನುಂಗುತ್ತದೆ. ಕಿವಿಯ ಎತ್ತರಕ್ಕೆ, ಗೋಡೆಯಿಂದ ಸ್ವಲ್ಪ ಮುಂದೆ ಇಡಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಬರೀ ಹಾಡಿನ ಸುಖದ ಪ್ರಶ್ನೆಯಲ್ಲ. ಕಿವಿ ಮಂದವಾದವರಿಗೆ ಪ್ರತಿಧ್ವನಿಯ ನಡುವೆ ಮಾತು ಹಿಡಿಯುವುದು ಇನ್ನೂ ಕಷ್ಟ, ಅವರಿಗಾಗಿ ವಾಲ್ಯೂಮ್ ಏರುತ್ತಲೇ ಹೋಗುತ್ತದೆ, ಅದೇ ಕೋಣೆಯಲ್ಲಿ ಮಕ್ಕಳೂ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್ ವಾರಕ್ಕೆ 40 ಗಂಟೆ ಸುರಕ್ಷಿತ. 90 ಆದರೆ ನಾಲ್ಕೇ ಗಂಟೆ.

ಬ್ಲೂಟೂತೋ ವೈಫೈಯೋ ಎಂಬುದು ನಮಗೆ ಅಷ್ಟು ದೊಡ್ಡ ಪ್ರಶ್ನೆ ಅನ್ನಿಸುವುದಿಲ್ಲ. ವೈಫೈ ಸ್ಪೀಕರಿಗೆ ಫೋನ್ ಪಕ್ಕದಲ್ಲಿರಬೇಕಿಲ್ಲ, ಕರೆ ಬಂದರೆ ಹಾಡು ನಿಲ್ಲುವುದಿಲ್ಲ. ಆದರೆ ಕರೆಂಟ್ ಹೋದರೆ ರೂಟರೂ ಹೋಗುತ್ತದೆ, ದಪ್ಪ ಕಲ್ಲಿನ ಗೋಡೆ ದಾಟುವಾಗ ಸಿಗ್ನಲ್ ಸೊರಗುತ್ತದೆ. ಒಂದೇ ಕೋಣೆಯಲ್ಲಿ ಕುಳಿತು ಕೇಳುವವರಿಗೆ ಬ್ಯಾಟರಿ ಇರುವ ಬ್ಲೂಟೂತ್ ಸಾಕು. ದುಬಾರಿಯ ಒಂದೇ ದೊಡ್ಡ ಡಬ್ಬಿಯ ಬದಲು ಜೋಡಿಯಾಗಿ ನುಡಿಸಬಹುದಾದ ಎರಡು ಚಿಕ್ಕವನ್ನು ಕೊಂಡರೆ ಎಡ-ಬಲ ಬೇರೆಯಾಗಿ ಕೇಳುತ್ತದೆ, ನಿಮಗೆ ಹತ್ತಿರವೂ ಇಟ್ಟುಕೊಳ್ಳಬಹುದು. ಕೊಳ್ಳುವ ಮುನ್ನ ನಿಮಗೆ ಬಾಯಿಪಾಠವಿರುವ ತತ್ವಪದವನ್ನೋ ಭಜನೆಯನ್ನೋ ಸಣ್ಣ ವಾಲ್ಯೂಮಿನಲ್ಲಿ ಹಾಕಿಸಿ ಕೇಳಿ, ಮನೆಗೆ ಒಯ್ದ ಮೇಲೆ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದೂ ವಿಚಾರಿಸಿ.