ಹಿಡಿದ ಕೈಯನ್ನೇ ಒದೆಯುವ ಕೋವಿ

ಭಾರಿ ರಿವಾಲ್ವರೊಂದನ್ನು ಕೊಳ್ಳಹೊರಟವನು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಅದರ ಏಟು ಎಷ್ಟು ದೊಡ್ಡದು ಎಂಬುದನ್ನು. ಆ ಏಟಿಗೆ ಪ್ರತಿಯಾಗಿ ತನ್ನ ಮಣಿಕಟ್ಟಿಗೆ ಬೀಳುವ ಒದೆತವೆಷ್ಟು ಎಂಬ ಯೋಚನೆ ಅವನಿಗೆ ಹೊಳೆಯುವುದು ಬಹುಮಟ್ಟಿಗೆ ಹಣ ತೆತ್ತ ಮೇಲೆಯೇ. ಅಮೆರಿಕದಲ್ಲಿ ಇಂಥ ಕೋವಿಗಳು ಮರುಮಾರಾಟಕ್ಕೆ ಬರುವಾಗ ಜೊತೆಗೆ ತೋಟಾಗಳ ಪೆಟ್ಟಿಗೆಯೂ ಬರುವುದುಂಟು. ಐವತ್ತರಲ್ಲಿ ಖರ್ಚಾದವು ಆರೇ ಆರು!

ನಮ್ಮ ದೇಶದಲ್ಲಿ ಈ ಪೇಚಾಟಕ್ಕೆ ಅವಕಾಶ ಕಡಿಮೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಬಿಗಿಯನ್ನು ದಾಟಿ ಪರವಾನಿಗೆ ಪಡೆದ ಗೃಹಸ್ಥನ ಕೈಗೂ ಬರುವುದು ಬಹುಮಟ್ಟಿಗೆ ಕಾನ್ಪುರದಲ್ಲಿ ತಯಾರಾಗುವ .32ರಂಥ ಸಣ್ಣ ಬಾಯಿಯ ಆಯುಧವೇ. ಅಮೆರಿಕದ ಸಂಗತಿ ಬೇರೆ. ಅದರಲ್ಲಿಯೂ ಉತ್ತರದ ಅಲಾಸ್ಕಾದಲ್ಲಿ, ನಾನೂರು ಕಿಲೋಗೂ ಮೀರಿ ಬೆಳೆಯಬಲ್ಲ ಕಂದು ಕರಡಿಯ ನೆಲದಲ್ಲಿ, ಮೀನು ಹಿಡಿಯಲೋ ಬೆಟ್ಟ ಹತ್ತಲೋ ಹೋಗುವವನಿಗೆ ಇದು ಪ್ರಾಣದ ಪ್ರಶ್ನೆಯೇ ಸರಿ.

ಗುಂಡು ಮುಂದಕ್ಕೆ ಹಾರಿದರೆ ಕೋವಿ ಹಿಂದಕ್ಕೆ ನೂಕುತ್ತದೆ. ಇದು ನ್ಯೂಟನ್ ಮಹಾಶಯನ ಕಟ್ಟಳೆ, ಯಾವ ಕಾರ್ಖಾನೆಯೂ ಇದರಿಂದ ತಪ್ಪಿಸಿಕೊಳ್ಳಲಾರದು. ಹಿಂದಿನ ಪೊಲೀಸರ .38ರ ರಿವಾಲ್ವರಿಗೆ ಹೋಲಿಸಿದರೆ .44 ಮ್ಯಾಗ್ನಂ ಎಂಬುದರ ಒದೆತದ ಶಕ್ತಿ ಸುಮಾರು ಐದಾರು ಪಟ್ಟು. ಅದರ ಗುಂಡಿನ ತೂಕ ಹದಿನೈದೂವರೆ ಗ್ರಾಂ. ವೇಗ ಸೆಕೆಂಡಿಗೆ ನಾನೂರು ಮೀಟರಿನ ಆಸುಪಾಸು. ಇಲ್ಲೊಂದು ಸೋಜಿಗವಿದೆ. ಅದೇ ತೋಟಾವನ್ನು ಅರ್ಧ ತೂಕದ ಕೋವಿಯಲ್ಲಿಟ್ಟು ಹಾರಿಸಿದರೆ ಒದೆತದ ಶಕ್ತಿ ಇಮ್ಮಡಿಯಾಗುತ್ತದೆ. ಹೊರಲು ಹಗುರವಾದದ್ದು ಹಾರಿಸಲು ಕಠಿನ. ಹಾರಿಸಲು ಹಿತವಾದದ್ದು ಹೊರಲು ಭಾರ.

ಈ ತೊಡಕು ಹೊಸದೇನಲ್ಲ. 1847ರಲ್ಲಿ ಕೋಲ್ಟ್ ಕಂಪನಿ ಕ್ಯಾಪ್ಟನ್ ವಾಕರನ ಸಲಹೆಯಂತೆ ತಯಾರಿಸಿದ ರಿವಾಲ್ವರ್ ನಾಲ್ಕೂವರೆ ಪೌಂಡ್ ತೂಗುತ್ತಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂತಿರಲಿಲ್ಲ, ಕುದುರೆಯ ಜೀನಿಗೆ ತೂಗುಹಾಕಬೇಕಿತ್ತು. ಮುಂದೆ ಅಮೆರಿಕದ ಸೈನ್ಯ 1892ರಲ್ಲಿ ಮೃದುವಾದ .38ನ್ನು ಅಂಗೀಕರಿಸಿತು. ಫಿಲಿಪೈನ್ಸಿನ ಕಾಳಗಗಳಲ್ಲಿ, ಹಲವು ಗುಂಡು ತಗುಲಿದ ಮೇಲೂ ಮುನ್ನುಗ್ಗಿ ಬರುತ್ತಿದ್ದ ಮೋರೋ ಯೋಧರನ್ನು ಕಂಡು ಗಾಬರಿಗೊಂಡು ಹಳೆಯ .45ಗಳನ್ನು ಮತ್ತೆ ಹೊರತೆಗೆಯಬೇಕಾಯಿತು. ಬ್ರಿಟಿಷರದು ತದ್ವಿರುದ್ಧವಾದ ಕಥೆ. ಮೊದಲನೆಯ ಮಹಾಯುದ್ಧದಲ್ಲಿ ಅವರ ಅಧಿಕಾರಿಗಳ ಕೈಯಲ್ಲಿದ್ದ ವೆಬ್ಲಿ .455 ಬಲಶಾಲಿ, ನಂಬಿಕಸ್ಥ. ಆದರೆ ಅವಸರದಲ್ಲಿ ತರಬೇತು ಪಡೆದ ಸಾಮಾನ್ಯ ಸೈನಿಕ ಅದರಿಂದ ಗುರಿ ಹೊಡೆಯುವುದು ಕಷ್ಟವೆಂದು ತಿಳಿದು 1932ರಲ್ಲಿ .38ರ ಎನ್‌ಫೀಲ್ಡನ್ನು ತಂದರು. ಎರಡು ಸೈನ್ಯಗಳೂ ಮೂರ್ಖರದ್ದಲ್ಲ. ಒಂದರ ಮುಂದಿದ್ದದ್ದು ನಿಲ್ಲದ ಶತ್ರು, ಇನ್ನೊಂದರ ಮುಂದಿದ್ದದ್ದು ಕಲಿಯಲು ಕಾಲವಿಲ್ಲದ ಕೈ.

.44 ಮ್ಯಾಗ್ನಂ ಹುಟ್ಟಿದ್ದು 1955ರಲ್ಲಿ. ಐಡಹೋ ಪ್ರಾಂತದ ದನಗಾಹಿ, ಬೇಟೆಗಾರ ಎಲ್ಮರ್ ಕೀತ್ ಎಂಬಾತ ವರ್ಷಗಟ್ಟಲೆ .44 ಸ್ಪೆಷಲ್ ತೋಟಾಗಳಿಗೆ ತಾನೇ ಹೆಚ್ಚು ಮದ್ದು ತುಂಬಿ ಪರೀಕ್ಷಿಸಿ, ಕಂಪನಿಗಳ ಬೆನ್ನುಹತ್ತಿದ ಫಲವದು. 1971ರ 'ಡರ್ಟಿ ಹ್ಯಾರಿ' ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಹಿಡಿದು ನಿಂತದ್ದೇ ತಡ, ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂದಿತು. ತೆರೆಯ ಮೇಲಿನ ನಾಯಕನ ಮಣಿಕಟ್ಟು ನೋಯುವುದಿಲ್ಲವಷ್ಟೆ! 2003ರಲ್ಲಿ ಬಂದ .500 ಇದನ್ನೂ ಮೀರಿಸಿತು. ಉದ್ದ ನಳಿಗೆಯದು ಎರಡು ಕಿಲೋ ತೂಕ. ತೋಟಾ ಹಿಡಿಸುವುದು ಐದೇ. ದೊಡ್ಡ ಮೃಗದ ಬೇಟೆಗೆಂದೇ ಹೊರಟವನಿಗೆ ಅದು ಸರಿ. ಉಳಿದವನು ಎರಡನೆಯ ದಿನವೇ ಅದನ್ನು ಗುಡಾರದಲ್ಲಿ ಬಿಟ್ಟು ಹೊರಡುತ್ತಾನೆ. ಗುಡಾರದಲ್ಲಿರುವ ಕೋವಿಗೆ ಕರಡಿ ಹೆದರುವುದಿಲ್ಲ.

ಹಾಗೆಂದು ಹಗುರವಾದುದನ್ನು ಆರಿಸಿದರೋ? ಸ್ಕ್ಯಾಂಡಿಯಂ ಬೆರೆತ ಅಲ್ಯೂಮಿನಿಯಮಿನ .44ಗಳಿವೆ, ತೂಕ ಮುಕ್ಕಾಲು ಕಿಲೋ ಕೂಡ ಇಲ್ಲ. ಅಂಗೈ ಸುಲಿಯುವುದು ಹಾಗಿರಲಿ, ಒದೆತದ ಕುಲುಕಾಟಕ್ಕೆ ಇನ್ನೂ ಹಾರದ ತೋಟಾಗಳ ಗುಂಡುಗಳೇ ಸಡಿಲವಾಗಿ ಮುಂದೆ ಜಾರಿ, ತಿರುಗುವ ಉರುಳೆಯನ್ನು ಕಚ್ಚಿ ನಿಲ್ಲಿಸಿಬಿಡುವುದುಂಟು. ಬೇಕಾದ ಹೊತ್ತಿಗೆ ಎರಡನೆಯ ಈಡೇ ಇಲ್ಲ!

ಎರಡನೆಯ ಈಡಿನ ಮಾತು ಏಕೆಂದರೆ, ಮೇಲೇರಿ ಬರುವ ಕರಡಿಯ ವೇಗ ಗಂಟೆಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಮೂವತ್ತು ಮೀಟರ್ ದೂರದಲ್ಲಿ ಕಂಡರೆ ಉಳಿದಿರುವುದು ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಒಂದೇ ಈಡು ಹಾರಿಸಿ, ಆಕಾಶ ನೋಡುತ್ತಿರುವ ನಳಿಗೆಯನ್ನು ಕೆಳಗಿಳಿಸುತ್ತ ನಿಲ್ಲುವವನಿಗಿಂತ, ಸ್ವಲ್ಪ ಸಣ್ಣದರಲ್ಲಿ ಎರಡನ್ನು ಗುರಿಗೆ ತಾಗಿಸಬಲ್ಲವನು ಮೇಲು ಎಂಬುದೇ ನನ್ನ ಅಭಿಪ್ರಾಯ. ಗುಂಡು ಮಾತ್ರ ಗಟ್ಟಿ ಸೀಸದ, ಭಾರವಾದ, ಹೊಕ್ಕೊಡನೆ ಅರಳದೆ ಆಳಕ್ಕಿಳಿಯುವಂಥದಾಗಿರಬೇಕು. ಕರಡಿಯ ಮೂಳೆ ಸ್ನಾಯುಗಳನ್ನು ದಾಟಬೇಕಾದ್ದು ಅದೇ.

ತನ್ನ ಕೈಯ ಅಳವನ್ನು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ಮೈದಾನದಲ್ಲಿ ಗೆಳೆಯನೊಬ್ಬನು ತುಂಬಿದ ತೋಟಾಗಳ ನಡುವೆ ಬಳಸಿದ ಖಾಲಿ ತೋಟಾವೊಂದನ್ನು ಗುಟ್ಟಾಗಿ ಸೇರಿಸಿಕೊಡುತ್ತಾನೆ. ಅದರ ಸರದಿ ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ನಳಿಗೆಯ ತುದಿ ಧಿಗ್ಗನೆ ಕೆಳಕ್ಕೆ ಬಾಗಿದರೆ ಕೈ ಬರಲಿರುವ ಪೆಟ್ಟಿಗೆ ಮುಂಚೆಯೇ ಅಂಜುತ್ತಿದೆ ಎಂದರ್ಥ. ಅಂಥವನು ಅದೇ .44 ಮ್ಯಾಗ್ನಂ ಕೋವಿಯಲ್ಲಿ .44 ಸ್ಪೆಷಲ್‌ನ ಮೃದು ತೋಟಾಗಳನ್ನು ಹಾಕಿ ತಿಂಗಳುಗಟ್ಟಲೆ ಅಭ್ಯಾಸ ಮಾಡಬಹುದು. ಆ ಸೌಕರ್ಯವೇ, ನನ್ನ ಮಟ್ಟಿಗೆ, ಉಕ್ಕಿನ ನಡುತೂಕದ .44ನ್ನು .500ಕ್ಕಿಂತ ಮೇಲಿಡುತ್ತದೆ.

ಕೋವಿಯೇ ಬೇಕೇ ಎಂಬುದು ಉಳಿದ ಪ್ರಶ್ನೆ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಅಲಾಸ್ಕಾದಲ್ಲಿ 1883ರಿಂದ 2009ರವರೆಗೆ ನಡೆದ 269 ಪ್ರಸಂಗಗಳನ್ನು ಕಲೆಹಾಕಿ 2012ರಲ್ಲಿ ಪ್ರಕಟಿಸಿದರು. ಕೈಕೋವಿ ನೂರಕ್ಕೆ 84ರಲ್ಲಿ ಕರಡಿಯನ್ನು ತಡೆದಿತ್ತು, ಉದ್ದ ಬಂದೂಕು 76ರಲ್ಲಿ. 2008ರ ಅವರ ಇನ್ನೊಂದು ಲೇಖನದಲ್ಲಿ ಮೆಣಸಿನ ಖಾರದ ಸ್ಪ್ರೇ ಕಂದು ಕರಡಿಗಳನ್ನು ನೂರಕ್ಕೆ 92ರಲ್ಲಿ ತಡೆದಿತ್ತು. ಸ್ಪ್ರೇಯ ಲೆಕ್ಕದಲ್ಲಿ ಬರಿಯ ಕುತೂಹಲದಿಂದ ಬಳಿಸಾರಿದ ಕರಡಿಗಳೂ ಸೇರಿರುವುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಕಾಲು ಕಿಲೋ ಆಸುಪಾಸಿನ ಆ ಡಬ್ಬಿಗೆ ಒದೆತವೆಂಬುದಿಲ್ಲ. ಬೀಸುಗಾಳಿ ಇದಿರಾಗಿದ್ದರೆ ಖಾರ ಹಿಡಿದವನ ಕಣ್ಣಿಗೇ ಬಂದೀತು, ಅಷ್ಟೆ.

ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೋಗಿ, ಅಲಾಸ್ಕಾದ ಪ್ರವಾಸವನ್ನೂ ಮುಗಿಸಿ ಬರುವೆವೆನ್ನುವ ವಾಚಕರು ಒಂದನ್ನು ತಿಳಿದಿರಬೇಕು. ಅಲ್ಲಿಯ ವಿಮಾನಗಳಲ್ಲಿ ಕೋವಿಯನ್ನು ಬರಿದುಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಮೊದಲೇ ತಿಳಿಸಿ ಸಾಮಾನಿನೊಡನೆ ಕಳಿಸಬಹುದು. ಕರಡಿಯ ಸ್ಪ್ರೇಯನ್ನು ಮಾತ್ರ ಬಿಡುವುದಿಲ್ಲ. ಅದನ್ನು ಇಳಿದ ಊರಿನಲ್ಲೇ ಕೊಂಡುಕೊಳ್ಳಬೇಕು.