ಮನೆ ಎಣಿಸುವವರ ಸಂಕಟ

ಜನಗಣತಿಯ ಕಾಗದಗಳನ್ನು ಕಂಕುಳಲ್ಲಿ ಇರುಕಿಕೊಂಡು ಮನೆಮನೆ ಅಲೆದ ಅನುಭವ ನಮ್ಮಂತಹ ಅಧ್ಯಾಪಕರಿಗೆ ಹೊಸದಲ್ಲ. ಬೀಗ ಹಾಕಿದ ಮನೆಗೆ ಮತ್ತೆ ಮತ್ತೆ ಹೋಗಬೇಕು, ನಾಯಿ ಬೊಗಳೀತು, ಪ್ರಾಣಭಯವಂತೂ ಇಲ್ಲ. ಇರಾಕಿನಲ್ಲಿ ಇಂತಹುದೇ ಕಾರ್ಯಕ್ಕೆ ಹೊರಟವರ ಪಾಡು ಬೇರೆ.

2003ರ ಮಾರ್ಚಿನಲ್ಲಿ ಅಲ್ಲಿ ಯುದ್ಧವಾರಂಭವಾಯಿತು. ಸತ್ತವರೆಷ್ಟು, ಯಾವ ಕಾರಣದಿಂದ ಎಂಬುದು ತಿಳಿಯದೆ ಸಾರ್ವಜನಿಕ ಆರೋಗ್ಯದ ಯಾವ ಯೋಜನೆಯೂ ಸಾಗದು. ಪತ್ರಿಕೆ, ಶವಾಗಾರಗಳ ಲೆಕ್ಕ ಕಣ್ಣಿಗೆ ಬಿದ್ದ ಸಾವುಗಳದು ಮಾತ್ರ. ಆದುದರಿಂದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಹಾಗೂ ಬಾಗ್ದಾದಿನ ಮುಸ್ತನ್ಸಿರಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು 2006ರಲ್ಲಿ 47 ಎಡೆಗಳ 1,849 ಮನೆಗಳಲ್ಲಿ ವಿಚಾರಿಸಿದರು. ಮರಣಪತ್ರ ಕೇಳಿದಾಗ ಬಹುಪಾಲು ಮನೆಯವರು ಒಳಗಿನಿಂದ ತಂದು ತೋರಿಸಿದರಂತೆ. ಯುದ್ಧವಿಲ್ಲದಿದ್ದರೆ ಸಾಯದಿರುತ್ತಿದ್ದವರು ಸುಮಾರು 6,55,000, ಅವರಲ್ಲಿ ಆರು ಲಕ್ಷದಷ್ಟು ಮಂದಿ ಹಿಂಸೆಗೆ ಬಲಿಯಾದವರು ಎಂದು ಅವರ ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯೂ ಇರಾಕ್ ಸರಕಾರವೂ ಕೂಡಿ 9,345 ಮನೆಗಳಲ್ಲಿ ನಡೆಸಿದ ಸಮೀಕ್ಷೆ 2008ರಲ್ಲಿ ಪ್ರಕಟವಾಯಿತು. 2006ರ ಜೂನಿನವರೆಗಿನ ಹಿಂಸಾಮರಣ ಅದರ ಪ್ರಕಾರ 1,51,000!

ಅಂತರ ನಾಲ್ಕು ಪಟ್ಟು. ಹೆಚ್ಚು ಮನೆಗಳನ್ನು ಮುಟ್ಟಿದ ಎರಡನೆಯದರಲ್ಲೇ ನನಗೆ ನಂಬಿಕೆ ಹೆಚ್ಚು. ಆದರೆ ಅದರಲ್ಲಿಯೂ ಅಪಾಯದ ಕಾರಣ ಕಾಲಿಡಲಾಗದ ಎಡೆಗಳು 115. ಅನ್ಬಾರ್, ಬಾಗ್ದಾದ್ ಕಡೆಯವೇ ಬಹಳ. ಸಾವು ಹೆಚ್ಚಾಗಿರುವಲ್ಲಿಗೇ ಗಣತಿದಾರ ಹೋಗಲಾರ! ಆ ತಂಡದವರೊಬ್ಬರು ಕೆಲಸಕ್ಕೆ ಹೋಗುತ್ತಿದ್ದಾಗ ದಾರಿಯಲ್ಲೇ ಕೊಲೆಯಾದರು.

ಇನ್ನು ಹೆಸರಿನ ಮಾತು. ನಾವು ಮನೆಯ ಯಜಮಾನನ ಹೆಸರನ್ನೇ ಮೊದಲು ಬರೆಯುತ್ತೇವೆ. ಬಾಗ್ದಾದಿನಲ್ಲಿ ಹೆಸರೊಂದರಿಂದಲೇ ಷಿಯಾ, ಸುನ್ನಿ ಎಂಬುದನ್ನು ಊಹಿಸಿ ಕೊಂದ ದಿನಗಳವು. ಹಾಳೆ ಯಾರ ಕೈಗೆ ಸಿಕ್ಕರೂ ಕುಟುಂಬಕ್ಕೆ ಕುತ್ತು. ಮೊದಲ ಸಮೀಕ್ಷೆಯಲ್ಲಿ ಕೆಲವರ ಹೆಸರು ಬರೆದುಕೊಂಡದ್ದು ಒಪ್ಪಿತ ಕ್ರಮಕ್ಕೆ ವಿರುದ್ಧವೆಂದು 2009ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವೇ ಹೇಳಿತು.

ಎಲ್ಲರೂ ಸತ್ತ ಮನೆಯಲ್ಲಿ ಉತ್ತರ ಹೇಳುವವರಾರು? ಅಮ್ಮಾನಿಗೋ ದಮಾಸ್ಕಸಿಗೋ ಓಡಿಹೋದವರ ಮನೆಗೂ ಅದೇ ಬೀಗ. ಯಾವ ಸಮೀಕ್ಷೆಯ ಗುಣಾಕಾರಕ್ಕೂ ಒಟ್ಟು ಜನಸಂಖ್ಯೆ ಬೇಕು. ದೇಶವಿಡೀ ಎಣಿಸಿದ ಜನಗಣತಿಯಾದರೋ 1987ರದು. ಅನಂತರದ ಪೂರ್ಣ ಗಣತಿ ನಡೆದದ್ದು 2024ರ ನವೆಂಬರಿನಲ್ಲಿ. ಜನರು ಮನೆಯಲ್ಲೇ ಸಿಗಲೆಂದು ಎರಡು ದಿನ ಸಂಚಾರ ನಿಷೇಧಿಸಿ ಎಣಿಸಿದರು.